ಪತ್ರಿಕೋದ್ಯಮ ಪ್ರಶಸ್ತಿಗೆ ಅರ್ಜಿ: ತಾಲ್ಲೂಕು ವರದಿಗಾರರಿಗೆ ಹಂತ ಹಂತದ ಮಾರ್ಗದರ್ಶಿ

‘ಪ್ರಶಸ್ತಿಗೆ ಅರ್ಜಿ ಆಹ್ವಾನ’ ಅಂತ ಪೇಪರ್‌ನ ಒಳಪುಟದಲ್ಲಿ ಸಣ್ಣ ಸುದ್ದಿ ಬರುತ್ತದೆ. ವರದಿಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಅದರ ಫೋಟೊ ಹಾಕುತ್ತಾರೆ. ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಆಮೇಲೆ ಕೊನೆ ದಿನದ ಸಂಜೆವರೆಗೆ ಯಾರೂ ಆ ಕಡೆ ತಿರುಗಿ ನೋಡಲ್ಲ. ಸಿಂಧನೂರು, ಕುಷ್ಟಗಿ, ಸಂಡೂರಿನಲ್ಲಿ ಕೂತು ಒಳ್ಳೊಳ್ಳೆ ವರದಿ ಮಾಡಿದವರ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ಬರವಣಿಗೆ ಚೆನ್ನಾಗಿಲ್ಲ ಅಂತ ಬೀಳುವುದು ಕಡಿಮೆ. ದಿನಾಂಕ ಕಾಣದ ಕಟಿಂಗ್, ತೆರೆಯದ ಲಿಂಕ್, ಸಂಪಾದಕರ ಪತ್ರ ಇಲ್ಲದ ಅರ್ಜಿ, ಅರ್ಥವಾಗದ ಚಿಹ್ನೆಗಳಾಗಿ ಬದಲಾದ ಅಕ್ಷರ, ಇಂಥವೇ ಜಾಸ್ತಿ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ನಿಮ್ಮ ವರದಿ ಓದುವವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರುತ್ತಾರೆ. ದೇವದುರ್ಗ ಎಲ್ಲಿದೆ, ಕನಕಗಿರಿಯಿಂದ ಗಂಗಾವತಿಗೆ ಎಷ್ಟು ದೂರ, ಅವರಿಗೆ ಗೊತ್ತಿರಲ್ಲ. ಮುಂದೆ ಅರ್ಜಿಗಳ ರಾಶಿಯೇ ಇರುತ್ತದೆ. ಅವರು ತಡವರಿಸದೆ ಓದಬೇಕು, ಓದಿದ್ದನ್ನು ನಂಬಬೇಕು. ಅರ್ಜಿಯಿಂದ ಆಗಬೇಕಾದ ಕೆಲಸ ಇಷ್ಟೇ. ಬಣ್ಣದ ಫೈಲು, ಹೊಗಳಿಕೆಯ ಮಾತು, ಸನ್ಮಾನದ ಫೋಟೊ ಯಾವುದೂ ಬೇಡ.

ಪ್ರಕಟಣೆಯನ್ನು ಪೂರ್ತಿ ಓದಿ

ಪ್ರಶಸ್ತಿಗಳಲ್ಲಿ ಎರಡು ಜಾತಿ. ಒಂದು, ಇಷ್ಟು ವರ್ಷದ ಸೇವೆಗೆ ಕೊಡುವುದು. ಇನ್ನೊಂದು, ಒಂದು ನಿರ್ದಿಷ್ಟ ವರದಿಗೋ ಲೇಖನಕ್ಕೋ ಕೊಡುವುದು. ಮೊದಲನೆಯದಕ್ಕೆ ನಿಮ್ಮ ಬಯೋಡೇಟಾ ಮುಖ್ಯ, ಎರಡನೆಯದಕ್ಕೆ ವರದಿಯೇ ಮುಖ್ಯ. ಹತ್ತು ವರ್ಷದ ಕಟಿಂಗ್‌ಗಳನ್ನೆಲ್ಲ ಸೇರಿಸಿ ಹೊಲಿದ ದಪ್ಪ ಪುಸ್ತಕವನ್ನು ಎರಡನೇ ಬಗೆಯ ಪ್ರಶಸ್ತಿಗೆ ಕಳಿಸುವವರಿದ್ದಾರೆ. ಅದನ್ನು ಯಾರೂ ತೆರೆಯಲ್ಲ.

ನಮ್ಮ ಕಡೆಯವರು ಕಣ್ಣಿಡಬೇಕಾದ ಕೆಲವು ಇವೆ. ಕರ್ನಾಟಕ ಮಾಧ್ಯಮ ಅಕಾಡೆಮಿ ವರ್ಷದ ಪ್ರಶಸ್ತಿಗಳನ್ನೂ ದತ್ತಿ ಪ್ರಶಸ್ತಿಗಳನ್ನೂ ಕೊಡುತ್ತದೆ. ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘದ ದತ್ತಿ ಪ್ರಶಸ್ತಿಗಳಿವೆ. ಭಾರತೀಯ ಪತ್ರಿಕಾ ಮಂಡಳಿಯ ರಾಷ್ಟ್ರೀಯ ಪ್ರಶಸ್ತಿಗಳು ನವೆಂಬರ್ 16ರ ರಾಷ್ಟ್ರೀಯ ಪತ್ರಿಕಾ ದಿನದ ಸುತ್ತಮುತ್ತ ಬರುತ್ತವೆ. ಅದರಲ್ಲಿ ಗ್ರಾಮೀಣ ಪತ್ರಿಕೋದ್ಯಮಕ್ಕೆಂದೇ ಒಂದು ವಿಭಾಗ ಇದೆ, ತಾಲ್ಲೂಕು ಮಟ್ಟದವರು ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ರಾಮನಾಥ್ ಗೋಯೆಂಕಾ ಪ್ರಶಸ್ತಿಯಲ್ಲಿ ಪ್ರಾದೇಶಿಕ ಭಾಷೆಗಳ ವಿಭಾಗ ಇದೆ. ಹೆಣ್ಣುಮಕ್ಕಳ ವಿಚಾರದಲ್ಲಿ ಸೂಕ್ಷ್ಮವಾಗಿ ಬರೆದವರಿಗೆ ಲಾಡ್ಲಿ ಮೀಡಿಯಾ ಪ್ರಶಸ್ತಿ ಇದೆ. ಇನ್ನು ಜುಲೈ ತಿಂಗಳ ಪತ್ರಿಕಾ ದಿನಾಚರಣೆ ಹೊತ್ತಿಗೆ ಜಿಲ್ಲಾ ಸಂಘಗಳು ಕೊಡುವ ಪ್ರಶಸ್ತಿಗಳು. ಜುಲೈ 1 ಯಾಕೆ ಅಂದರೆ 1843ರಲ್ಲಿ ಅಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. ಅದೇ ಪತ್ರಿಕೆ ಮರುವರ್ಷ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಅಂತ ಹೆಸರು ಬದಲಿಸಿಕೊಂಡಿತು. ಬಳ್ಳಾರಿಯವರು ಈ ಮಾತನ್ನು ಇನ್ನಷ್ಟು ಜೋರಾಗಿ ಹೇಳಿಕೊಳ್ಳಬಹುದು, ಅಲ್ವಾ?

ಪ್ರಕಟಣೆಯಲ್ಲಿ ಪೆನ್ನಿನಿಂದ ಗುರುತು ಮಾಡಿಕೊಳ್ಳಬೇಕಾದ್ದು: ವರದಿ ಪ್ರಕಟವಾಗಿರಬೇಕಾದ ಅವಧಿ, ಒಬ್ಬರು ಎಷ್ಟು ಅರ್ಜಿ ಹಾಕಬಹುದು, ಸರಣಿ ಬರಹವನ್ನು ಒಂದೇ ಅರ್ಜಿಯಾಗಿ ಎಣಿಸುತ್ತಾರಾ, ಎಷ್ಟು ಪ್ರತಿ ಬೇಕು, ಕೊನೆ ದಿನಾಂಕದೊಳಗೆ ಅರ್ಜಿ ‘ತಲುಪಬೇಕಾ’ ಅಥವಾ ‘ಕಳಿಸಿದರೆ ಸಾಕಾ’. ಅವಧಿ ಕೆಲವರಲ್ಲಿ ಜನವರಿಯಿಂದ ಡಿಸೆಂಬರ್, ಕೆಲವರಲ್ಲಿ ಏಪ್ರಿಲ್‌ನಿಂದ ಮಾರ್ಚ್. ಡಿಸೆಂಬರ್ 29ಕ್ಕೆ ಶುರುವಾಗಿ ಜನವರಿ 3ಕ್ಕೆ ಮುಗಿದ ಸರಣಿ ಇದ್ದರೆ ಮೊದಲೇ ಫೋನ್ ಮಾಡಿ ಕೇಳಿ.

ನಡುವೆ ಒಂದು ಎಚ್ಚರಿಕೆ. ‘ನೀವು ರಾಷ್ಟ್ರೀಯ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಟ್ಟಿ’ ಅಂತ ಫೋನ್ ಬಂದರೆ ಫೋನ್ ಇಟ್ಟುಬಿಡಿ. ನೀವು ಅರ್ಜಿಯನ್ನೇ ಹಾಕಿಲ್ಲ, ಯಾರೂ ನಿಮ್ಮ ವರದಿ ಓದಿಲ್ಲ. ಶಾಲು, ಹಾರ, ಫಲಕದ ಖರ್ಚು ನಿಮ್ಮದೇ ಜೇಬಿನಿಂದ ಹೋಗುತ್ತದೆ.

ಯಾವ ವರದಿ, ಯಾವ ವಿಭಾಗ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಸುತ್ತಲಿನ ಜಿಲ್ಲೆಗಳ ವರದಿಗಾರರು, ಬೆಂಗಳೂರಿನ ಚಾನೆಲ್‌ನವರು, ಎಲ್ಲರೂ ಅಲ್ಲಿದ್ದರು. ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ತಡೆ) ಇಳಿಸಿ ನೀರು ನಿಲ್ಲಿಸುವವರೆಗೆ ದಿನಕ್ಕೆ ಹತ್ತಾರು ಸುದ್ದಿ ಬಂದವು. ಇಂಥ ಘಟನೆಯ ಮೇಲೆ ‘ಉತ್ತಮ ವರದಿ’ ವಿಭಾಗಕ್ಕೆ ಅರ್ಜಿ ಹಾಕಿದರೆ ನಿಮ್ಮದು ಗುಂಪಿನಲ್ಲಿ ಒಂದಾಗುತ್ತದೆ. ಅದೇ ಘಟನೆಯನ್ನು ಹಿಡಿದು, ಗೇಟುಗಳ ನಿರ್ವಹಣೆಯ ಕಡತ ಹುಡುಕಿ ಬರೆದಿದ್ದರೆ ಅದು ತನಿಖಾ ವಿಭಾಗಕ್ಕೆ ಹೋಗುತ್ತದೆ. ಎರಡನೇ ಬೆಳೆ ಕೈತಪ್ಪುವ ಭಯದಲ್ಲಿದ್ದ ಗಂಗಾವತಿಯ ಗದ್ದೆ ಕೂಲಿಗಳ ಬಗ್ಗೆ ಬರೆದಿದ್ದರೆ ಗ್ರಾಮೀಣ ವಿಭಾಗಕ್ಕೆ. ನೀರು ನುಗ್ಗುವ ಆ ಒಂದು ಚಿತ್ರ ಸಿಕ್ಕಿದ್ದರೆ ಛಾಯಾಚಿತ್ರಕ್ಕೆ. ವಿಭಾಗ ತಪ್ಪಿದರೆ ಒಳ್ಳೆಯ ವರದಿಯೂ ಬಡವಾಗುತ್ತದೆ.

ವರದಿ ಆರಿಸುವಾಗ ನಮಗೆ ತಡೆಯೊಡ್ಡುವುದು ನಮ್ಮದೇ ಪ್ರೀತಿ. ಎಲ್ಲರೂ ಹೊಗಳಿದ್ದು, ಶಾಸಕರು ಸದನದಲ್ಲಿ ಪೇಪರ್ ಎತ್ತಿ ತೋರಿಸಿದ್ದು ಕೂಡಲೇ ನೆನಪಾಗುತ್ತದೆ. ಅದಕ್ಕಿಂತ, ನೀವು ಮಾಡದಿದ್ದರೆ ಯಾರೂ ಮಾಡುತ್ತಿರಲಿಲ್ಲ ಅನ್ನಿಸುವ ವರದಿ ಹುಡುಕಿ. ಪತ್ರಿಕಾಗೋಷ್ಠಿಯಿಂದ ಹುಟ್ಟಿದ್ದನ್ನು, ಇಲಾಖೆ ಪ್ರಕಟಣೆಯಿಂದ ಹುಟ್ಟಿದ್ದನ್ನು ಮೊದಲು ತೆಗೆದಿಡಿ. ಉಳಿದವನ್ನು ಪತ್ರಿಕೆಗೆ ಸಂಬಂಧ ಇಲ್ಲದ ಒಬ್ಬರಿಗೆ ಕೊಡಿ. ಮೇಷ್ಟ್ರು, ವಕೀಲರು, ಯಾರಾದರೂ ಸರಿ. ಅವರು ಓದಿದ ಮೇಲೆ ‘ಆಮೇಲೇನಾಯ್ತು?’ ಅಂತ ಕೇಳಿದ್ದನ್ನೇ ಕಳಿಸಿ.

ಪುಟ ಹೊಂದಿಸುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಜಾಸ್ತಿ ಅರ್ಜಿ ಎಡವುವುದು ಇಲ್ಲೇ.

ಇ-ಪೇಪರ್‌ನಲ್ಲಿ ಸುದ್ದಿಯ ಮೇಲೆ ಒತ್ತಿದರೆ ಬರುವ ತುಣುಕು ಸಾಲದು. ಅದರಲ್ಲಿ ಹಲವು ಸಲ ಪತ್ರಿಕೆಯ ಹೆಸರು, ದಿನಾಂಕ, ಪುಟ ಸಂಖ್ಯೆ ಇರಲ್ಲ. ಇಡೀ ಪುಟವನ್ನು ಪಿಡಿಎಫ್ ಮಾಡಿಕೊಳ್ಳಿ. ಅದನ್ನೂ ಸುದ್ದಿ ಬಂದ ದಿನವೇ ಮಾಡಿ. ಹಳೆಯ ಸಂಚಿಕೆಗಳು ಕೆಲವು ಕಡೆ ಕಾಣೆಯಾಗುತ್ತವೆ, ಕೆಲವು ಕಡೆ ಚಂದಾ ಕೇಳುತ್ತವೆ. ಜೊತೆಗೆ ಎರಡು ಅಚ್ಚಿನ ಪ್ರತಿ ತೆಗೆದಿಟ್ಟುಕೊಳ್ಳಿ. ನಿಮ್ಮ ಏಜೆಂಟರಿಗೆ ಬೆಳಗ್ಗೆಯೇ ಹೇಳಿದರೆ ಕೊಡುತ್ತಾರೆ. ವರ್ಷ ಕಳೆದ ಮೇಲೆ ಕೇಳಿದರೆ ಅದು ರದ್ದಿಗೆ ಹೋಗಿರುತ್ತದೆ.

ಫೈಲಿನ ಮೊದಲ ಪುಟದಲ್ಲಿ ವರದಿ ಇರುವ ಪೂರ್ತಿ ಪುಟ ಇರಲಿ. ಸುದ್ದಿ ಎಷ್ಟು ದೊಡ್ಡದಾಗಿ, ಎಲ್ಲಿ ಬಂದಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಎರಡನೇ ಪುಟದಿಂದ ಅದೇ ವರದಿ ಓದುವಷ್ಟು ದೊಡ್ಡದಾಗಿ. ಇಡೀ ಪೇಪರ್ ಪುಟವನ್ನು ಎ4 ಹಾಳೆಗೆ ಕುಗ್ಗಿಸಿದರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಅದನ್ನು ಓದು ಅಂತ ಯಾರನ್ನೂ ಕೇಳಬೇಡಿ. ಮುಖಪುಟದಲ್ಲಿ ಶುರುವಾಗಿ ‘6ನೇ ಪುಟಕ್ಕೆ’ ಹೋದ ಸುದ್ದಿಯಾದರೆ 6ನೇ ಪುಟವೂ ಬೇಕು. ಇದನ್ನು ಮರೆಯುವವರು ಎಷ್ಟು ಜನ ಅಂತೀರಿ! ತೀರ್ಪುಗಾರರು ಅರ್ಧ ವಾಕ್ಯಕ್ಕೆ ನಿಲ್ಲುತ್ತಾರೆ.

ಅಚ್ಚಿನ ಪ್ರತಿಯನ್ನೇ ಸ್ಕ್ಯಾನ್ ಮಾಡಬೇಕಾದರೆ ಸ್ಪಷ್ಟತೆಯನ್ನು 300 ಡಿಪಿಐ ಇಡಿ. ಮೊಬೈಲ್ ಸ್ಕ್ಯಾನರ್ ಆ್ಯಪ್ ಬಳಸಿದರೆ ಪೇಪರನ್ನು ಇಸ್ತ್ರಿ ಮಾಡಿ, ಮಡಿಕೆ ತೆಗೆದು, ಬೆಳಗಿನ ಬೆಳಕಿನಲ್ಲಿ ಕಿಟಕಿ ಪಕ್ಕ ಇಟ್ಟು ತೆಗೆಯಿರಿ. ಹಿಂದಿನ ಪುಟದ ಅಕ್ಷರ ಮೂಡುತ್ತಿದ್ದರೆ ಪೇಪರ್ ಕೆಳಗೆ ಕಪ್ಪು ಹಾಳೆ ಇಡಿ. ಇದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ.

ಎಡಿಷನ್ ವಿಚಾರ ಬರೆಯಲೇಬೇಕು. ಕೊಪ್ಪಳದ ಜಿಲ್ಲಾ ಪುಟದಲ್ಲಿ ಬಂದದ್ದು ಬೆಂಗಳೂರು ಎಡಿಷನ್‌ನಲ್ಲಿ ಇರಲ್ಲ. ಪರಿಶೀಲಿಸುವವರು ತಮ್ಮ ಕೈಲಿರುವ ಎಡಿಷನ್ ತೆರೆದು ‘ಇಲ್ಲಿ ಇಂಥ ಸುದ್ದಿ ಇಲ್ಲವಲ್ಲ’ ಅಂದುಬಿಟ್ಟರೆ? ಆದ್ದರಿಂದ ಪತ್ರಿಕೆ ಹೆಸರು, ಎಡಿಷನ್, ದಿನಾಂಕ, ಪುಟ ಸಂಖ್ಯೆ, ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಪ್ರತಿ ಹಾಳೆಯ ಮೇಲೆ ಹಾಕಿ. ವೆಬ್‌ಸೈಟ್ ವರದಿಯಾದರೆ ಲಿಂಕ್ ಜೊತೆಗೆ ಪುಟದ ಪಿಡಿಎಫ್ ಇರಲಿ. ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್ ಎಂಬ ಜಾಲತಾಣದಲ್ಲಿ ಪುಟವನ್ನು ಉಳಿಸಿ ಆ ಲಿಂಕನ್ನೂ ಕೊಡಿ. ಸೈಟ್ ಮುಚ್ಚಿದರೂ ವರದಿ ಉಳಿಯುತ್ತದೆ.

ನುಡಿ, ಯುನಿಕೋಡ್ ಗೊಂದಲ

ಹಲವು ಕಚೇರಿಗಳಲ್ಲಿ ಇನ್ನೂ ನುಡಿ ತಂತ್ರಾಂಶದಂಥವುಗಳ ಹಳೆಯ ಆಸ್ಕಿ ಫಾಂಟ್‌ನಲ್ಲೇ ಟೈಪಿಂಗ್ ನಡೆಯುತ್ತದೆ. ಅದನ್ನು ಕಾಪಿ ಮಾಡಿ ಆನ್‌ಲೈನ್ ಅರ್ಜಿಗೆ ಹಾಕಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ವರ್ಡ್ ಫೈಲ್ ನಿಮಗೆ ಸರಿಯಾಗೇ ಕಾಣುತ್ತದೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲ್ಲ. ಅದಕ್ಕೇ ಪಠ್ಯವನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್, ಫೋನ್‌ಗಳೂ ಗುರುತಿಸುವ ಅಕ್ಷರ ವ್ಯವಸ್ಥೆಗೆ ಬದಲಿಸಿ. ಪರಿವರ್ತಕಗಳು ಉಚಿತವಾಗೇ ಸಿಗುತ್ತವೆ. ಆದರೆ ಬದಲಿಸಿ ಹಾಗೇ ಕಳಿಸಬೇಡಿ, ಒಮ್ಮೆ ಓದಿ. ಅರ್ಕಾವತ್ತು ಜಾಗ ಬಿಟ್ಟು ಓಡಿರುತ್ತದೆ. ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗಿರುತ್ತದೆ, ‘ವರ್ಷ’ ಹೋಗಿ ‘ವಷರ್’. ತೀರ್ಪುಗಾರರಿಗೆ ಅದು ಫಾಂಟಿನ ತಪ್ಪು ಅಂತ ಗೊತ್ತಾಗಲ್ಲ, ನಿಮ್ಮ ಕಾಗುಣಿತದ ತಪ್ಪು ಅಂದುಕೊಳ್ಳುತ್ತಾರೆ. ಬದಲಿಸಿದ ಪಠ್ಯವನ್ನು ನಿಮಗೇ ವಾಟ್ಸ್‌ಆ್ಯಪ್ ಮಾಡಿಕೊಂಡು ಫೋನಿನಲ್ಲಿ ತೆರೆದು ನೋಡಿ. ಫೋನಿನಲ್ಲಿ ಸರಿಯಾಗಿ ಕಂಡರೆ ಬಹುತೇಕ ಎಲ್ಲ ಕಡೆ ಸರಿಯಾಗೇ ಕಾಣುತ್ತದೆ.

ವರದಿಯ ಟಿಪ್ಪಣಿ

ಅರ್ಜಿಯಲ್ಲಿ ‘ವರದಿಯ ಹಿನ್ನೆಲೆ ತಿಳಿಸಿ’ ಅಂತ ಒಂದು ಖಾಲಿ ಜಾಗ ಇರುತ್ತದೆ. ತೀರ್ಪುಗಾರರು ಮೊದಲು ಓದುವುದು ಇದನ್ನೇ. ನಮ್ಮವರು ಸಾಮಾನ್ಯವಾಗಿ ಬರೆಯುವುದು ಹೀಗೆ:

‘ಈ ವರದಿಯು ಜಿಲ್ಲೆಯಾದ್ಯಂತ ಭಾರಿ ಸಂಚಲನ ಮೂಡಿಸಿದ್ದು, ನಿದ್ರಿಸುತ್ತಿದ್ದ ಅಧಿಕಾರಿಗಳನ್ನು ಬಡಿದೆಬ್ಬಿಸಿದೆ. ರೈತರ ಪರವಾಗಿ ನಿರ್ಭೀತಿಯಿಂದ ಬರೆದ ವರದಿ ಇದಾಗಿದೆ.’

ಇದರಲ್ಲಿ ಏನು ತಿಳಿಯಿತು? ಊರು ಯಾವುದು, ಸಮಸ್ಯೆ ಏನು, ನೀವೇನು ಮಾಡಿದಿರಿ, ಒಂದೂ ಇಲ್ಲ. ಈಗ ಇದನ್ನು ನೋಡಿ. ಮಾದರಿಗೆಂದು ನಾನೇ ಕಟ್ಟಿದ್ದು:

‘ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಬಳಿ ಶುರುವಾಗಿ ರಾಯಚೂರು ಜಿಲ್ಲೆಗೆ ಬರುತ್ತದೆ. ಕೊನೆ ಭಾಗದ ರೈತರಿಗೆ ನೀರು ಬರುತ್ತಿದೆಯಾ ಅಂತ ತಿಳಿಯಲು ಎಲ್ಲರೂ ನೋಡುವುದು 104ನೇ ಮೈಲಿನಲ್ಲಿ ನೀರಿನ ಮಟ್ಟ ಅಳೆಯುವ ಗೇಜ್. ಅಲ್ಲಿ ಮಟ್ಟ ಕಾಯ್ದುಕೊಂಡಿದ್ದೇವೆ ಎಂದು ಕಚೇರಿ ಹೇಳುತ್ತಿತ್ತು. ಮಾಹಿತಿ ಹಕ್ಕಿನಲ್ಲಿ ಗೇಜ್ ಪುಸ್ತಕದ ಪ್ರತಿ ಪಡೆದೆ. ಬರೆದ ಮಟ್ಟ ಹೇಳಿದ ಮಟ್ಟಕ್ಕಿಂತ ಕಡಿಮೆ ಇತ್ತು. ಮೇಲ್ಭಾಗದಲ್ಲಿ ಕಾಲುವೆಗೆ ಪಂಪ್ ಇಟ್ಟ ಜಾಗಗಳನ್ನು ಬೈಕಿನಲ್ಲಿ ಹೋಗಿ ಪಟ್ಟಿ ಮಾಡಿದೆ. ಅಧಿಕಾರಿಗಳ ಉತ್ತರ ವರದಿಯ ಎರಡನೇ ಕಂತಿನಲ್ಲಿದೆ.’

ಜಂಬ ಇಲ್ಲ, ಕೆಲಸ ಕಾಣುತ್ತದೆ. ದೂರದವರಿಗೆ ಜಾಗ ಗೊತ್ತಾಗುತ್ತದೆ. ದಾಖಲೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಎದುರಿನವರ ಮಾತನ್ನೂ ಕೇಳಿದ್ದೀರಿ ಅಂತ ಗೊತ್ತಾಗುತ್ತದೆ. ಪದಮಿತಿ 200 ಅಂದಿದ್ದರೆ 200ಕ್ಕೇ ನಿಲ್ಲಿಸಿ. ಆನ್‌ಲೈನ್ ಅರ್ಜಿಯಲ್ಲಿ ಕೆಲವು ಸಲ ಮಿತಿ ಪದಗಳಲ್ಲ, ಅಕ್ಷರಗಳು. ಕನ್ನಡದಲ್ಲಿ ಒಂದು ಒತ್ತಕ್ಷರವನ್ನು ಯಂತ್ರ ಮೂರು ನಾಲ್ಕು ಅಂತ ಎಣಿಸುವುದರಿಂದ ನಿಮ್ಮ ಲೆಕ್ಕಕ್ಕಿಂತ ಬೇಗ ಜಾಗ ತುಂಬುತ್ತದೆ.

ಇನ್ನು ಫಲಶ್ರುತಿ. ನಮ್ಮ ಪತ್ರಿಕೆಗಳಿಗೆ ಈ ಪಟ್ಟಿ ಅಂದರೆ ತುಂಬಾ ಪ್ರೀತಿ. ಮರುದಿನ ಗ್ರಾಮ ಪಂಚಾಯಿತಿಯವರು ಚರಂಡಿ ಬಳಿದರೂ ‘ವರದಿ ಫಲಶ್ರುತಿ’ ಅಂತ ಹಾಕುತ್ತೇವೆ. ಅರ್ಜಿಯಲ್ಲಿ ಅಷ್ಟು ಧಾರಾಳ ಬೇಡ. ‘ವರದಿಯಿಂದಾಗಿ ಅಧಿಕಾರಿ ಅಮಾನತಾದರು’ ಅನ್ನುವ ಬದಲು ‘ವರದಿ ಬಂದ ಮೇಲೆ ಇಂಥ ದಿನಾಂಕದಂದು, ಇಂಥ ಸಂಖ್ಯೆಯ ಆದೇಶ ಹೊರಟಿತು, ಪ್ರತಿ ಲಗತ್ತಿಸಿದೆ’ ಅನ್ನಿ. ಏನೂ ಬದಲಾಗಿಲ್ಲದಿದ್ದರೆ ಬದಲಾಗಿಲ್ಲ ಅಂತಲೇ ಬರೆಯಿರಿ. ಅದರಿಂದ ಅಂಕ ಹೋಗಲ್ಲ.

ಇಂಗ್ಲಿಷ್ ಅನುವಾದ

ರಾಷ್ಟ್ರಮಟ್ಟದ ಪ್ರಶಸ್ತಿಗಳಿಗೆ ಕನ್ನಡ ವರದಿಯ ಜೊತೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ಬಂದದ್ದನ್ನು ಹಾಗೇ ಲಗತ್ತಿಸಿದರೆ ವರ್ಷದ ಕೆಲಸ ಒಂದು ನಿಮಿಷದಲ್ಲಿ ಹಾಳು. ಯಂತ್ರದಿಂದ ಕರಡು ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಆಮೇಲೆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರ ಜೊತೆ ಒಂದು ಸಂಜೆ ಕೂತು ಸಾಲು ಸಾಲು ತಿದ್ದಿ. ಅನುವಾದದಲ್ಲಿ ವರದಿಯನ್ನು ಸುಂದರ ಮಾಡಲು ಹೋಗಬೇಡಿ. ಮೂಲದಲ್ಲಿ ಇಲ್ಲದ ಒಂದು ವಾಕ್ಯ ಸೇರಿದರೂ ಅದು ಮೋಸ. ಕನ್ನಡ ಬಲ್ಲ ತೀರ್ಪುಗಾರರು ಒಬ್ಬರಾದರೂ ಇರುತ್ತಾರೆ ಅಂತಲೇ ಇಟ್ಟುಕೊಳ್ಳಿ.

ಲೆಕ್ಕ, ಅಳತೆ ನೋಡಿಕೊಳ್ಳಿ. ಸಿಂಧನೂರು, ಗಂಗಾವತಿ ಕಡೆ ಭತ್ತದ ದರ ಹೇಳುವುದು 75 ಕೆ.ಜಿ. ಚೀಲಕ್ಕೆ. ಬೆಂಬಲ ಬೆಲೆ ಇರುವುದು ಕ್ವಿಂಟಲ್‌ಗೆ. ಚೀಲದ ದರವನ್ನು ಹಾಗೇ ಬರೆದರೆ ದೆಹಲಿಯವರು ಎರಡನ್ನೂ ಪಕ್ಕ ಪಕ್ಕ ಇಟ್ಟು ತಪ್ಪು ತಿಳಿಯುತ್ತಾರೆ. ಚೀಲ ಅಂದರೆ 75 ಕೆ.ಜಿ. ಅಂತ ಅಲ್ಲೇ ಹೇಳಿ, ಕ್ವಿಂಟಲ್ ಲೆಕ್ಕವನ್ನೂ ಕೊಡಿ. ಐಸಿಸಿ ಸಭೆ ಅಂದರೆ ಹೊರಗಿನವರಿಗೆ ಕ್ರಿಕೆಟ್ ನೆನಪಾಗುತ್ತದೆ. ಅದು ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ ಅಂತ ಬಿಡಿಸಿ ಬರೆಯಿರಿ.

ಫೋಟೊ, ವಿಡಿಯೊ

ಫೋಟೊವನ್ನು ಕ್ಯಾಮೆರಾದಿಂದ ಬಂದ ಮೂಲ ಫೈಲಾಗಿಯೇ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಸಮಯದ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಬೆಳಕು ಸ್ವಲ್ಪ ಏರಿಳಿಸುವುದು ನಡೆಯುತ್ತದೆ. ವೈರ್ ಅಳಿಸುವುದು, ಆಕಾಶ ಬದಲಿಸುವುದು, ಎಐನಿಂದ ಮುಖ ಚೂಪು ಮಾಡುವುದು ನಡೆಯಲ್ಲ.

ವಿಡಿಯೊಗೆ ಸಬ್‌ಟೈಟಲ್ ಹಾಕಿ. ಮಾನ್ವಿ ರೈತರ ಮಾತು ಬೆಂಗಳೂರಿನ ಕನ್ನಡಿಗರಿಗೇ ಪೂರ್ತಿ ತಿಳಿಯಲ್ಲ. ಡ್ರೈವ್ ಲಿಂಕ್ ಕೊಡುವುದಾದರೆ ಲಿಂಕ್ ಇರುವ ಯಾರು ಬೇಕಾದರೂ ನೋಡುವ ಹಾಗೆ ಅನುಮತಿ ಬದಲಿಸಿ. ಆಮೇಲೆ ನಿಮ್ಮ ಇ-ಮೇಲ್ ಲಾಗಿನ್ ಇಲ್ಲದ ಬೇರೆಯವರ ಫೋನಿನಲ್ಲಿ ತೆರೆದು ಪರೀಕ್ಷಿಸಿ. ಫಲಿತಾಂಶ ಬರುವವರೆಗೆ ಆ ಫೈಲ್ ಅಳಿಸಬೇಡಿ.

ಪತ್ರ, ಗುರುತು

ಬೈಲೈನ್ (ವರದಿಯ ಜೊತೆ ಅಚ್ಚಾದ ನಿಮ್ಮ ಹೆಸರು) ಇದ್ದರೆ ಅರ್ಧ ಕೆಲಸ ಮುಗಿಯಿತು. ನಮ್ಮ ತಾಲ್ಲೂಕು ವರದಿಗಾರರ ಎಷ್ಟೋ ಸುದ್ದಿ ‘ನಮ್ಮ ವರದಿಗಾರರಿಂದ’ ಅಂತಲೇ ಬರುತ್ತವೆ. ಬಿಡಿ ಸುದ್ದಿಗಾರರಿಗಂತೂ ನೇಮಕ ಪತ್ರವೂ ಇರಲ್ಲ. ಆಗ ‘ಈ ದಿನಾಂಕದ, ಈ ಎಡಿಷನ್‌ನ, ಈ ಶೀರ್ಷಿಕೆಯ ವರದಿ ಇವರದೇ’ ಎಂದು ಸಂಪಾದಕರೋ ಬ್ಯೂರೊ ಮುಖ್ಯಸ್ಥರೋ ಸಹಿ, ಮೊಹರು ಹಾಕಿದ ಪತ್ರ ಬೇಕೇ ಬೇಕು. ಡೆಸ್ಕಿನವರಿಗೆ ‘ಸರ್, ಒಂದು ಪತ್ರ ಕೊಡಿ’ ಅಂತ ಮೆಸೇಜ್ ಹಾಕಿ ಕಾಯಬೇಡಿ. ಪತ್ರವನ್ನು ನೀವೇ ಟೈಪ್ ಮಾಡಿ, ದಿನಾಂಕ, ಶೀರ್ಷಿಕೆ ಎಲ್ಲ ತುಂಬಿ ಕಳಿಸಿ. ಅವರಿಗೆ ಸಹಿ ಮಾಡುವ ಕೆಲಸ ಮಾತ್ರ ಉಳಿಯಲಿ. ಹೀಗೆ ಮಾಡಿದರೆ ಪತ್ರ ಬೇಗ ಬರುತ್ತದೆ.

ಜಂಟಿ ಬೈಲೈನ್ ಆದರೆ ಇನ್ನೊಬ್ಬರ ಹೆಸರು ಅರ್ಜಿಯಲ್ಲಿ ಇರಲೇಬೇಕು. ಫೋಟೊ ತೆಗೆದವರ ಹೆಸರೂ ಸೇರಲಿ. ಬಹುಮಾನ ಬಂದ ಮೇಲೆ ಜಗಳ ಬೇಡ. ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಪ್ರತಿ ಸಾಕು.

ಪೋಷಕ ದಾಖಲೆ ಲಗತ್ತಿಸುವ ಮುಂಚೆ ಒಂದು ಸಲ ನಿಮ್ಮ ಮೂಲಗಳನ್ನು ನೆನೆಯಿರಿ. ಮಾಹಿತಿ ಕೊಟ್ಟ ಗುಮಾಸ್ತರ ಫೋನ್ ನಂಬರ್, ಕಡತದ ಅಂಚಿನಲ್ಲಿ ಅವರ ಕೈಬರಹ, ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟಿನಲ್ಲಿ ಹೆಸರು, ಇವೆಲ್ಲ ಹೊರಗೆ ಹೋಗಬಾರದು. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು. ಪಟ್ಟಿ ಸರಿಸಿದರೆ ಕೆಳಗಿನ ಅಕ್ಷರ ಸಿಗುತ್ತದೆ. ಮುದ್ರಿಸಿ, ಮಾರ್ಕರ್‌ನಿಂದ ಮುಚ್ಚಿ, ಅಕ್ಷರ ಏನಾದರೂ ಕಾಣುತ್ತಾ ಅಂತ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮತ್ತೆ ಸ್ಕ್ಯಾನ್ ಮಾಡಿ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಬಯಲು ಮಾಡುವುದನ್ನು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ತಡೆಯುತ್ತವೆ. ವರದಿಯಲ್ಲಿ ಹೆಸರು ಬದಲಿಸಿ, ಟಿಪ್ಪಣಿಯಲ್ಲೋ ಅನುವಾದದಲ್ಲೋ ಊರು, ಶಾಲೆ, ತಂದೆ ಹೆಸರು ಹಾಕಿದರೆ ಏನು ಬಂತು? ದೇವದಾಸಿ ತಾಯಂದಿರ ಮೇಲೆ ಬರೆದವರು ಇದನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು. ಪೇಪರ್‌ಗೆ ಫೋಟೊ ಕೊಡಲು ಒಪ್ಪಿದವರು ಪ್ರಶಸ್ತಿ ಸಮಾರಂಭದ ಪರದೆ ಮೇಲೆ ಬರಲು ಒಪ್ಪಿದ್ದಾರೆ ಅಂತ ಅಲ್ಲ. ಹೋಗಿ ಕೇಳಿ.

ಕಳಿಸುವುದು

ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಎಂದಿದ್ದರೆ ಈ ಕ್ರಮ ಇಟ್ಟುಕೊಳ್ಳಿ: ಅರ್ಜಿ, ಟಿಪ್ಪಣಿ, ವರದಿ, ಯುನಿಕೋಡ್ ಪಠ್ಯ, ಅನುವಾದ, ಸಂಪಾದಕರ ಪತ್ರ, ಪೋಷಕ ದಾಖಲೆ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ: ನಿಮ್ಮ ಹೆಸರು, ವಿಭಾಗ, ವರ್ಷ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ’ ಅಂತ ಇಟ್ಟರೆ ಕೊನೆಗೆ ನೀವೇ ತಪ್ಪು ಫೈಲ್ ಕಳಿಸುತ್ತೀರಿ. ಗಾತ್ರದ ಮಿತಿ ಮೀರಿದರೆ ಚಿತ್ರಗಳನ್ನು ಕುಗ್ಗಿಸಿ, ಆದರೆ ಕುಗ್ಗಿಸಿದ ಮೇಲೂ ಅಕ್ಷರ ಓದುವಂತಿದೆಯಾ ನೋಡಿ.

ಕೊನೆ ದಿನ ಸರ್ವರ್ ಸತಾಯಿಸುತ್ತದೆ, ಅದೇ ದಿನ ನಮ್ಮಲ್ಲಿ ಕರೆಂಟ್ ಹೋಗುತ್ತದೆ. ಮೂರು ದಿನ ಮುಂಚೆ ಮುಗಿಸಿ. ಸಲ್ಲಿಸಿದ ಮೇಲೆ ಬರುವ ಅರ್ಜಿ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯ ಫೋಟೊ ತೆಗೆಯಿರಿ. ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ. ಹಳೆಯ ಪ್ರಕಟಣೆಯಲ್ಲಿ ‘ರಿಜಿಸ್ಟರ್ಡ್ ಅಂಚೆ ಮೂಲಕ’ ಅಂತ ಇದ್ದರೆ ಗಾಬರಿಯಾಗಬೇಡಿ. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರ ಕೈಲಿ ಕಳಿಸುವುದೂ ಉಂಟು. ಹಾಗೆ ಕಳಿಸಿದರೆ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬರಲು ಹೇಳಿ.

ಆಮೇಲೆ ತೀರ್ಪುಗಾರರು ಯಾರು ಅಂತ ಹುಡುಕಿ ಫೋನ್ ಮಾಡಿಸಬೇಡಿ. ಫೋಲ್ಡರ್ ಹಾಗೇ ಇರಲಿ. ಬಹುಮಾನ ಬರಲಿ ಬಿಡಲಿ, ಮುಂದಿನ ಪ್ರಕಟಣೆ ಬಂದಾಗ ಟಿಪ್ಪಣಿ, ದಿನಾಂಕ ಬದಲಿಸಿದರೆ ಅರ್ಧ ದಿನದಲ್ಲಿ ಇನ್ನೊಂದು ಅರ್ಜಿ ತಯಾರಾಗುತ್ತದೆ.